ಸೋಮವಾರದ ಅಳತೆ

ಸೋಮವಾರ ಬೆಳಿಗ್ಗೆ ಲೇಥ್ ಮಷಿನ್ನಿನ ಸದ್ದು ಕಿವಿಗೆ ಬಿದ್ದರೆ ದಾಕ್ಷಾಯಿಣಿಯ ಕೈಯಲ್ಲಿ ರೊಟ್ಟಿ ಹರಿಯುತ್ತಿತ್ತು. ಉಳಿದ ವಾರ ಅದೇ ಕೈ, ಅದೇ ಜೋಳದ ಹಿಟ್ಟು. ಅಂಚು ಒಂದಿಷ್ಟೂ ಸೀಳದೆ ರೊಟ್ಟಿ ಹಂಚಿನ ಮೇಲೆ ಉಬ್ಬಿ ಏಳುತ್ತಿತ್ತು. ಸೋಮವಾರ ಮಾತ್ರ ಅವಳು ತಟ್ಟುತ್ತಿದ್ದುದು ರೊಟ್ಟಿಯಲ್ಲ, ಯಾರದೋ ಬೆನ್ನು ಎಂಬಂತೆ ಕೈ ಬೀಳುತ್ತಿತ್ತು.

ಗೋಕಾಕದ ಆ ಓಣಿಯಲ್ಲಿ ಅವರದು ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಒಂದೇ ಗೋಡೆ. ಲೇಥ್ ತಿರುಗಿತೆಂದರೆ ಅಡುಗೆಮನೆಯ ಮಾಡದಲ್ಲಿದ್ದ ಡಬ್ಬಿಗಳು ಸಣ್ಣಗೆ ನಡುಗುತ್ತಿದ್ದವು. ಗಂಡ ರಾಚಪ್ಪ ಇದ್ದಷ್ಟು ಕಾಲ ಸೋಮವಾರ ಆ ಡಬ್ಬಿಗಳು ನಡುಗಿದ್ದೇ ಇಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ನೊಗವಿಲ್ಲದ ದಿನ. ರಾಚಪ್ಪನ ಅಪ್ಪ ಕೊಣ್ಣೂರಿನಲ್ಲಿ ಒಕ್ಕಲುತನ ಮಾಡಿದವನು. ಜೋಡೆತ್ತು ಮಾರಿ ಮಗನಿಗೆ ಲೇಥ್ ಕೊಡಿಸಿದಾಗ, “ಎತ್ತಿನ ಬದಲಿ ಬಂದೈತಿ, ಎತ್ತಿನಂಗ ನೋಡ್ಕೊ,” ಎಂದು ಒಂದೇ ಮಾತು ಹೇಳಿದ್ದ. ರಾಚಪ್ಪ ಅದನ್ನು ಹಾಗೇ ನಡೆಸಿದ. ಸೋಮವಾರ ಮಷಿನ್ನಿನ ಮೈ ಒರೆಸಿ, ವಿಭೂತಿ ಹಚ್ಚಿ, ಹೂವಿಟ್ಟು, ಮೇನ್ ಸ್ವಿಚ್ಚು ಇಳಿಸಿಬಿಡುತ್ತಿದ್ದ.

ರಾಚಪ್ಪ ಹೋಗಿ ಎರಡು ವರ್ಷವಾಗಿತ್ತು. ಈಗ ಅಂಗಡಿ ಅವನ ತಮ್ಮ ಕಾಶಿನಾಥನ ಕೈಯಲ್ಲಿತ್ತು. ಕಾಶಿನಾಥ ಕೆಟ್ಟವನಲ್ಲ. ಕುಡಿಯುವವನಲ್ಲ, ಅತ್ತಿಗೆಗೆ ಎದುರಾಡಿದವನಲ್ಲ. ಮಷಿನ್ನಿನ ಮೇಲೆ ಅವನ ಕೈ ಚೆನ್ನಾಗಿ ಕೂತಿತ್ತು. ಅಂಥವನು ಸೋಮವಾರವೂ ಮಷಿನ್ ಹಚ್ಚತೊಡಗಿದಾಗ ದಾಕ್ಷಾಯಿಣಿ ಮೊದಲ ದಿನವೇ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದಳು.

“ಕಾಶಿ, ಇವತ್ತ ಯಾಕ ಹಚ್ಚಿದಿ?”

“ಆರ್ಡರ್ ಭಾಳ ಅದಾವ ವೈನಿ. ವಿಭೂತಿ ಹಚ್ಚೇ ಶುರು ಮಾಡೇನಿ.”

“ವಿಭೂತಿ ಹಚ್ಚಿದ್ರ ಅಳತಿ ಆಗ್ತೈತೇನು?”

“ದೇವ್ರು ತಿಳ್ಕೋತಾನ ಬಿಡ್ರಿ. ದುಡಿಯೂ ಕೈಗೆ ಪಾಪ ಹತ್ತೂದಿಲ್ಲ.”

ಅವಳು ಆಡಿದ್ದು ಅಳತೆಯ ಮಾತು. ಅವನು ಉತ್ತರ ಕೊಟ್ಟದ್ದು ದೇವರ ಮಾತಿಗೆ. ಆವತ್ತು ಹತ್ತಿದ ಸಿಟ್ಟು ಅವಳಿಗೆ ಇಳಿಯಲಿಲ್ಲ.

ಅವಳ ಅಳತೆ ಏನೆಂದು ತಿಳಿಯದಿದ್ದರೆ ಆ ಸಿಟ್ಟೂ ತಿಳಿಯುವುದಿಲ್ಲ. ರಾಚಪ್ಪನ ಕಸುಬು ಹಳೆಯ ಟೂ ಸ್ಟ್ರೋಕ್ ಗಾಡಿಗಳ ಹೆಡ್ಡು ಕೊರೆಯುವುದು. ಹೆಡ್ಡೆಂದರೆ ಸಿಲಿಂಡರಿನ ಮೇಲಿನ ಮುಚ್ಚಳ. ಅದರ ಒಳಮೈಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಗುಮ್ಮಟ. ಪಿಸ್ಟನ್ ಮೇಲೆ ಬಂದು ಪೆಟ್ರೋಲಿನ ಹಬೆಯನ್ನು ಆ ಗುಮ್ಮಟದೊಳಗೆ ಒತ್ತುತ್ತದೆ, ಅಲ್ಲಿ ಪ್ಲಗ್ಗಿನಿಂದ ಕಿಡಿ ಹತ್ತುತ್ತದೆ. ಗುಮ್ಮಟ ಸಣ್ಣದಾದಷ್ಟೂ ಒತ್ತಡ ಹೆಚ್ಚು, ಗಾಡಿಗೆ ಎಳೆತ ಹೆಚ್ಚು. ಆದರೆ ಒಂದು ಮಿತಿ ದಾಟಿದರೆ ಹಬೆ ಕಿಡಿಯ ಅಪ್ಪಣೆಗೆ ಕಾಯದೆ ತಾನೇ ಸಿಡಿಯುತ್ತದೆ, ಪಿಸ್ಟನ್ನನ್ನು ತಿನ್ನುತ್ತದೆ. ಕಡೆಗೊಮ್ಮೆ ಓಡುತ್ತಿದ್ದ ಗಾಡಿಯ ಎಂಜಿನ್ನು ಗಪ್ಪನೆ ಹಿಡಿದುಕೊಳ್ಳುತ್ತದೆ. ಹಿಂದಿನ ಗಾಲಿ ಕಚ್ಚಿ ನಿಲ್ಲುತ್ತದೆ. ಮೇಲೆ ಕೂತವನು ಎಲ್ಲಿ ಬೀಳುತ್ತಾನೆಂಬುದು ಅವನ ಹಣೆಬರಹ.

ದಾಕ್ಷಾಯಿಣಿ ಹುಕ್ಕೇರಿ ತಾಲೂಕಿನ ಘೋಡಗೇರಿಯವಳು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಂಕಿ ಬರುತ್ತಿತ್ತು, ಅಂಗಡಿಯ ಬೋರ್ಡು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದಳು, ಅಷ್ಟೇ. ತವರಿನಲ್ಲಿ ಕರುಗಳಿಗೆ ಸಿರಿಂಜಿನಿಂದ ಔಷಧಿ ಕುಡಿಸುವ ಕೆಲಸ ಅವಳದಾಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಹೆಡ್ಡಿನ ಗುಮ್ಮಟಕ್ಕೆ ಎಣ್ಣೆ ತುಂಬಿ ಅಳೆಯುವುದನ್ನು ಬಾಗಿಲಲ್ಲಿ ನಿಂತು ನೋಡಿದಳು. ದಿನವಿಡೀ ಲೇಥ್ ಹಿಡಿದ ಕೈ, ನಡುಗುತ್ತಿತ್ತು. ಎಣ್ಣೆ ಪ್ಲಗ್ಗಿನ ತೂತಿಗಿಂತ ಹೊರಗೇ ಹೆಚ್ಚು ಬೀಳುತ್ತಿತ್ತು.

“ಇಷ್ಟಕ್ಕ ಯಾಕ ನಡಗ್ತೀರಿ, ಕೊಡ್ರಿ ಇಲ್ಲಿ,” ಎಂದು ಸಿರಿಂಜು ಕಸಿದುಕೊಂಡಳು. ಆವತ್ತು ಕಸಿದುಕೊಂಡದ್ದನ್ನು ರಾಚಪ್ಪ ಮತ್ತೆ ಕೇಳಲಿಲ್ಲ.

ಹಾಗೆ ಸೋಮವಾರ ಅಳತೆಯ ದಿನವಾಯಿತು. ವಾರವಿಡೀ ಕೊರೆದ ಹೆಡ್ಡುಗಳು ಆ ದಿನ ಅವಳ ಮುಂದೆ ಬರುತ್ತಿದ್ದವು. ಮಷಿನ್ ನಿಂತಿರುತ್ತಿತ್ತು, ನೆಲ ಅದುರುತ್ತಿರಲಿಲ್ಲ, ಲೋಹ ತಣ್ಣಗಿರುತ್ತಿತ್ತು. ಪಿಸ್ಟನ್ನನ್ನು ತುತ್ತತುದಿಗೆ ತಂದು, ಪ್ಲಗ್ಗಿನ ತೂತು ಮೇಲೆ ಬರುವಂತೆ ಇಟ್ಟು, ಸೂಜಿ ಇಲ್ಲದ ಸಿರಿಂಜಿನಿಂದ ಅವಳು ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದಳು. ಗುಳ್ಳೆ ಎದ್ದರೆ ನಿಲ್ಲಿಸಿ, ಅದು ಒಡೆಯುವ ತನಕ ಕಾಯುತ್ತಿದ್ದಳು. ಅಳತೆಗೆ ಆತುರ ಮಾಡಿದವಳೇ ಅಲ್ಲ.

ಹೆಡ್ಡೊಂದನ್ನೇ ತಂದವರನ್ನು ತಿರುಗಿ ಕಳಿಸುತ್ತಿದ್ದಳು. “ಬರೇ ವರನ್ನ ನೋಡಿ ಲಗ್ನಾ ಗಟ್ಟಿ ಮಾಡ್ತಾರೇನು? ಹೋಗು, ಸಿಲಿಂಡರ್ ತಗೊಂಡ ಬಾ.”

ಯಾಕೆಂದು ಕೇಳಿದರೆ ಮೂಡಲಗಿಯ ಬಸ್ಸಿನ ಲೆಕ್ಕ ಹೇಳುತ್ತಿದ್ದಳು. “ಸಿಲಿಂಡರಿನಾಗ ಹೊಗಿ ಹೋಗಾಕ ಒಂದ ಬಾಗಲಾ ಇರ್ತೈತಿ. ಪಿಸ್ಟನ್ ಮ್ಯಾಲ ಬರೂ ಮುಂದ ಅದನ್ನ ಮುಚ್ಕೊಂಡ ಹೊಕ್ಕೈತಿ. ಮುಚ್ಚೂ ತನಕಾ ಒತ್ತಡ ಇಲ್ಲ. ಕಂಡಕ್ಟರ್ ಬಾಗಲಾ ಹಾಕಿದ ಮ್ಯಾಲ ಒಳಗ ಎಷ್ಟ ಮಂದಿ ಉಳದ್ರು, ಅಷ್ಟ ಇಕ್ಕಟ್ಟು. ಲಗೂ ಹಾಕಿದ್ರ ಮಂದಿ ಭಾಳ, ಅವರಿಗೆ ದೊಡ್ಡ ಬಸ್ಸು ಬೇಕು. ತಡಾ ಮಾಡಿ ಹಾಕಿದ್ರ ಅರ್ಧಾ ಮಂದಿ ಇಳದಿರ್ತಾರ, ಸಣ್ಣ ಬಸ್ಸು ಸಾಕು.”

ಶರ್ಯತ್ತಿಗೆ, ಅಂದರೆ ಪಂದ್ಯಕ್ಕೆ, ಗಾಡಿ ಓಡಿಸುವ ಹುಡುಗರು ಆ ಬಾಗಿಲನ್ನು ಉಜ್ಜಿ ಮೇಲಕ್ಕೆ ಎತ್ತಿಸಿರುತ್ತಿದ್ದರು. ಎತ್ತರದ ಬಾಗಿಲು ತಡವಾಗಿ ಮುಚ್ಚುತ್ತದೆ. ಅಂಥ ಸಿಲಿಂಡರಿಗೆ ಏಳೂವರೆ ಸಿಸಿಯ ಸಣ್ಣ ಗುಮ್ಮಟ ನಡೆಯುತ್ತಿತ್ತು. ಕಂಪನಿಯಿಂದ ಬಂದ ಹಾಗೇ ಇರುವ ಸಿಲಿಂಡರಿಗೆ ಒಂಬತ್ತು ಬೇಕು. ಕ್ಯಾನು, ಮೂಟೆ ಹೊರುವ ಗಾಡಿಯಾದರೆ ಒಂಬತ್ತಕ್ಕೆ ಒಂದು ತೊಟ್ಟು ಮೇಲೆಯೇ ಇರಲಿ. ಬಾಗಿಲು ಎಲ್ಲಿದೆಯೆಂದು ನೋಡಲು ಅವಳ ಬಳಿ ಕಸಬರಿಗೆಯ ಒಂದು ಕಡ್ಡಿಯಿತ್ತು. ಅದಕ್ಕೆ ಎರಡು ಗೀರು. ಒಂದು ಕಂಪನಿ ಬಾಗಿಲಿನದು, ಇನ್ನೊಂದು ಎತ್ತಿಸಿದ ಬಾಗಿಲಿನದು. ಗುಮ್ಮಟದ ಆಕಾರಕ್ಕೂ ಎರಡು ಹೆಸರು ಇಟ್ಟಿದ್ದಳು. ಅಗಲವಾಗಿ, ತುಸು ಆಳ ಕಡಿಮೆ ಇರುವುದು ಪಣತಿ. ಅದು ಹೊರೆ ಎಳೆಯುವ ಗಾಡಿಗೆ. ಸುತ್ತ ಅಗಲ ದಂಡೆ ಬಿಟ್ಟು ನಡುವೆ ಸಣ್ಣಗೆ ಕೊರೆದದ್ದು ಬಟ್ಟಲು, ಅದು ಶರ್ಯತ್ತಿಗೆ.

ಹೆಡ್ಡು, ಸಿಲಿಂಡರು ಎರಡೂ ಕೂಡಿದರೆ ಮಾತ್ರ ಅವಳು ಗೂಡಿನಿಂದ ಮುದ್ರೆಯ ಉಳಿ ತೆಗೆದು ಗಂಡನ ಕೈಗೆ ಕೊಡುತ್ತಿದ್ದಳು. ಅದರ ತುದಿಯಲ್ಲಿ ಮೂರು ದಳದ ಬಿಲ್ವಪತ್ರಿ. ರಾಚಪ್ಪ ಹೆಡ್ಡಿನ ಪಕ್ಕೆಗೆ ಇಟ್ಟು ಒಂದೇ ಏಟು ಹೊಡೆಯುತ್ತಿದ್ದ. ಅಳೆದಾಗಿದೆ, ಈ ಹೆಡ್ಡು ಈ ಸಿಲಿಂಡರಿನದು ಎಂದು ಅದರ ಅರ್ಥ.

ಮೂಡಲಗಿಯ ದುಂಡೇಶನೆಂಬ ಹುಡುಗ, ಕಬ್ಬು ಕಡಿದ ಹೊಲದಲ್ಲಿ ಗಾಡಿ ಓಡಿಸಿ ಹೆಸರು ಮಾಡಿದವನು, ಒಮ್ಮೆ ಬಂದು ಗೋಗರೆದಿದ್ದ. “ಇನ್ನೊಂದ ಅರ್ಧಾ ಸಿಸಿ ಇಳಸ್ರಿ ಅತ್ತಿ.”

“ಇಳಸ್ತೇನಪಾ. ನಿಮ್ಮವ್ವನ್ನ ಕರ್ಕೊಂಡ ಬಾ. ಅಕಿ ಹೂಂ ಅಂದ್ರ ಈಗ ಇಳಸ್ತೇನಿ.”

ಅವನು ಅವ್ವನನ್ನು ಕರೆತರಲಿಲ್ಲ. ಏಳೂವರೆಯಲ್ಲೇ ಗೆದ್ದ. ಗೆದ್ದ ಮೇಲೆ ಊರೂರು ಹೇಳಿದ್ದು, “ರಾಚಪ್ಪನ ಬಿಲ್ವಪತ್ರಿ ಹೆಡ್ಡು” ಎಂದು. ದಾಕ್ಷಾಯಿಣಿಯ ಹೆಸರು ಯಾರೂ ಎತ್ತಲಿಲ್ಲ. ಅದಕ್ಕೆ ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದದ್ದು ಈಗ.

ಈಗ ಆ ಉಳಿ ಗೂಡಿನಲ್ಲಿರಲಿಲ್ಲ. ಲೇಥಿನ ಬದಿಯ ಹಲಗೆಯ ಮೇಲಿತ್ತು. ಕಾಶಿನಾಥನ ಹೆಂಡತಿ ಶೋಭಾ ಮೊಬೈಲಿನಲ್ಲಿ ರೀಲ್ಸು ಮಾಡಿ ಹಾಕಿದ್ದಳು. ಅಲ್ಯೂಮಿನಿಯಂ ಸುರುಳಿ ಸುರುಳಿಯಾಗಿ ಏಳುವುದು, ಕೊನೆಗೆ ಎಲೆಯ ಮುದ್ರೆ ಬೀಳುವುದು, ಹಿಂದೆ ಡೊಳ್ಳಿನ ಸದ್ದು. ಅದನ್ನು ಕಂಡವರೆಲ್ಲ ಎಲೆಯ ಹೆಡ್ಡು ಬೇಕೆಂದರು. ಕಾಶಿನಾಥ ಪ್ರತಿ ಸಲ ಒಂದೇ ಆಳಕ್ಕೆ ನಿಲ್ಲುವಂತೆ ಲೇಥಿಗೆ ಒಂದು ತಡೆ ಕಟ್ಟಿ, ಎಲ್ಲವನ್ನೂ ಏಳೂವರೆಯ ಬಟ್ಟಲು ಮಾಡಿ ಸಾಲಾಗಿ ಕೊರೆದ. ಸಾಲಾಗಿಯೇ ಎಲೆ ಹೊಡೆದ. ಸಿಲಿಂಡರು ತಾ ಎಂದು ಯಾರನ್ನೂ ಕೇಳಲಿಲ್ಲ.

“ಎಲ್ಲಾ ಒಂದ ಮಾಪ ಬರ್ತಾವ ವೈನಿ. ಅಳಿಯೂದರ ಅಗತ್ಯಾನ ಇಲ್ಲೀಗ.”

“ಹೆಡ್ ಒಂದ ಮಾಪ ಬರ್ತಾವ. ಸಿಲಿಂಡರ್?”

“ತಗೊಳ್ಳಾಂವಗ ಗೊತ್ತಿರ್ತೈತಿ.”

“ಅವಂಗ ಗೊತ್ತಿದ್ರ ಎಲಿ ಯಾಕ ಹೊಡೀತಿ? ಆ ಎಲಿ ನಿಮ್ಮಣ್ಣ ಚಂದಕ್ಕ ಹೊಡೀತಿದ್ದನೇನು?”

ಕಾಶಿನಾಥ ಇದನ್ನು ಹೆಂಡತಿಯ ಮುಂದೆ ಹೇಳಿಕೊಂಡ. ಅತ್ತಿಗೆಗೆ ಸೋಮವಾರದ ಮಡಿ ಹೆಚ್ಚಾಗಿದೆ, ಅಣ್ಣ ಹೋದ ಮೇಲೆ ಮನಸ್ಸು ನೆಟ್ಟಗಿಲ್ಲ ಎಂದ. ಓಣಿಯವರೂ ಹಾಗೇ ತಿಳಿದರು. ಕೊನೆಗೆ ಅವನು ಓಣಿಯ ಜಂಗಮ ಶ್ರೀಶೈಲಯ್ಯನನ್ನು ಪ್ರಸಾದಕ್ಕೆ ಕರೆದ. ಅಯ್ಯ ಉಂಡು, ನೀರು ಕುಡಿದು, ಸಮಾಧಾನದ ಧ್ವನಿ ತೆಗೆದ.

“ಯವ್ವಾ, ಎತ್ತಿಗೆ ಜೀವ ಐತಿ, ಅದಕ್ಕ ಸೋಮವಾರ. ಕಬ್ಬಿಣಕ್ಕ ಜೀವ ಎಲ್ಲಿ ಬಂತು? ಮಷಿನ್ನಿಗೆ ಎಲ್ಲಾ ವಾರಾನೂ ಒಂದ.”

“ಅಯ್ಯಾರ, ನೀವು ಮಷಿನ್ನಿನ ಜೀವಾ ವಿಚಾರಸಾಕ ಬಂದೀರಿ. ನಾ ಅದರ ಮ್ಯಾಲ ಕುಂಡ್ರೂ ಹುಡುಗೂರ ಜೀವಾ ಕೇಳಾಕತ್ತೇನಿ.”

ಅಯ್ಯ ಕಾಶಿನಾಥನ ಮುಖ ನೋಡಿದ. “ದುಃಖ ಇನ್ನೂ ಆರಿಲ್ಲ,” ಎಂದ ಮೆಲ್ಲಗೆ. ಇಬ್ಬರೂ ತಲೆಯಾಡಿಸಿದರು. ದಾಕ್ಷಾಯಿಣಿ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟ ಸದ್ದಿಗೆ ಅಯ್ಯ ಬೆಚ್ಚಿದ, ವಿಭೂತಿಗಟ್ಟಿ ಜೋಳಿಗೆಯಿಂದ ಉರುಳಿತು.

ಇಷ್ಟೆಲ್ಲ ಆಗಿದ್ದರಿಂದಲೇ ಈ ಸೋಮವಾರವೂ ರೊಟ್ಟಿ ಹರಿದಿತ್ತು. ಹರಿದ ರೊಟ್ಟಿಯನ್ನು ಮುದ್ದೆ ಮಾಡಿ ಮತ್ತೆ ತಟ್ಟಲು ಕೂತಾಗ ಓಣಿಯ ಏರಿನಿಂದ ಒಂದು ಗಾಡಿಯ ಸದ್ದು ಬಂತು. ಹೊಗೆ ಉಗುಳುವ ಟೂ ಸ್ಟ್ರೋಕ್ ಗಾಡಿಯದೇ ಪಟಪಟ. ಆದರೆ ಅದರ ಒಳಗೆ ಇನ್ನೊಂದು ಸದ್ದಿತ್ತು. ತಗಡಿನ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ. ಹಬೆ ಕಿಡಿಗೆ ಕಾಯದೆ ತಾನೇ ಸಿಡಿಯುವ ಸದ್ದು ಅದು. ಅವಳ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಬಂದವನು ಮಮದಾಪುರದ ಮುತ್ತಪ್ಪ. ನಾಲ್ಕು ಕ್ಯಾನು ತೂಗಿಸಿಕೊಂಡು ದಿನಾ ಗೋಕಾಕಕ್ಕೆ ಹಾಲು ತರುವವನು, ಇವರ ಮನೆಗೂ ಹಾಕುವವನು.

“ಅವ್ವಾರ, ಪಾತೇಲಿ ತರ್ರಿ. ಇವತ್ತ ಹಾಲು ವಿಮಾನದಾಗ ಬಂದೈತಿ.”

“ಗಾಡಿ ಬಂದ ಮಾಡು.”

“ಮಾಡ್ತೇನಿ. ಮೊದಲ ನೋಡ್ರಿಲ್ಲಿ.” ಅವನು ಬಾಗಿ ಎಂಜಿನ್ನಿನ ಪಕ್ಕೆ ತೋರಿಸಿದ. ಹೊಸ ಹೆಡ್ಡು, ಹೊಸ ಎಲೆ. ಎಲೆಯ ಮೂರೂ ದಳಕ್ಕೆ ವಿಭೂತಿ ಹಚ್ಚಿತ್ತು, ಕಾದ ಲೋಹದ ಮೇಲೆ ಅದು ಕಂದುಗಟ್ಟಿತ್ತು. “ನಮ್ಮ ಗಾಡಿಗೂ ಬಿಲ್ವಪತ್ರಿ ಬಿತ್ತು. ನಿನ್ನೆ ಸಂಜೀಕ ಊರಾಗ ಹಾಕಿಸ್ಕೊಂಡೆ.” ಬೆರಳಿನಿಂದ ಎಲೆಯನ್ನು ಮುಟ್ಟಿ ಮುಟ್ಟದಂತೆ ಮಾಡಿ ಕಣ್ಣಿಗೆ ಒತ್ತಿಕೊಂಡ.

ಅದನ್ನು ನೋಡಿ ದಾಕ್ಷಾಯಿಣಿಗೆ ಮೈ ಉರಿಯಿತು. ಅವನ ಮೇಲಲ್ಲ.

“ಬಾಗಲಾ ಎತ್ತಿಸೀ ಏನು?”

“ಯಾವ ಬಾಗಲಾ ಅವ್ವಾರ, ಮನೀದೋ?”

“ಸಿಲಿಂಡರಿಂದು.”

“ಅದೆಲ್ಲಾ ನನಗೇನ ಗೊತ್ತು? ಹುಕ್ಕೇರಿ ಗುಜರಿಯಾಗ ಸಿಲಿಂಡರ್ ತಂದೆ, ನಿಮ್ಮ ಅಂಗಡ್ಯಾಗ ಹೆಡ್ ತಗೊಂಡೆ. ಎಲಿ ಐತೆಲ್ಲ, ಮತ್ತೇನ ಬೇಕು?”

ಮುತ್ತಪ್ಪ ಎಂಜಿನ್ ನಿಲ್ಲಿಸಿದ್ದೇ ತಡ, ಅವಳು ಬಾಗಿ ಪ್ಲಗ್ಗಿನ ರಬ್ಬರ್ ಟೋಪಿಯನ್ನು ವಯರಿನಿಂದ ತಿರುವಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುತ್ತಪ್ಪ ಮೊದಲು ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ಬಿಟ್ಟ. “ಅವ್ವಾರ, ಹೊಟೇಲಿನವರು ಕಾಯಾಕತ್ತಾರ. ಬಿಸಿಲ ಏರಿದ್ರ ಹಾಲು ಒಡೀತೈತಿ. ಚ್ಯಾಷ್ಟಿ ಮಾಡಬ್ಯಾಡ್ರಿ.”

“ನಿನ್ನ ಜೋಡಿ ನಾ ಯಾವಾಗ ಚ್ಯಾಷ್ಟಿ ಮಾಡೇನಿ?”

ಎದುರು ಮನೆಯವರು ಕಟ್ಟೆಗೆ ಬಂದರು. ಚಹಾದ ಅಂಗಡಿಯಿಂದ ನಾಲ್ಕು ಮಂದಿ ಎದ್ದು ಬಂದರು. ಲೇಥ್ ನಿಂತಿತು. ಕಾಶಿನಾಥ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

“ಏನ ನಡಿಸೀರಿ ವೈನಿ? ಮಂದಿ ನೋಡಾಕತ್ತಾರ.”

“ನೋಡ್ಲಿ. ಇದರ ಹೆಡ್ ತಗೀತೇನಿ.”

“ಓಡೂ ಗಾಡಿ ಹೆಡ್ ಯಾಕ ತಗೀತೀರಿ? ದೇವ್ರ ವಾರ ಅಂತ ಗಿರಾಕಿ ಗಾಡಿ ತಡೀತೀರಿ? ಸಾಕ್ರಿನ್ನ, ಟೋಪಿ ಕೊಡ್ರಿ.”

“ದೇವ್ರನ್ನ ನಡುವ ತರಬ್ಯಾಡ ಕಾಶಿ. ನನ್ನ ಸಿಟ್ಟಿಗೆ ಅವನ ಹೆಸರ ಇಡಬ್ಯಾಡ. ನಾ ಅಳತಿ ಕೇಳಿದ್ರ ನೀ ಎರಡ ವರ್ಷದಿಂದ ವಿಭೂತಿ ಕೊಡಾಕತ್ತಿ.”

“ಹಾಲು,” ಎಂದ ಮುತ್ತಪ್ಪ. ಅವನ ಕಣ್ಣಲ್ಲಿ ನೀರೇ ಬರುವಂತಿತ್ತು. “ನಿಮ್ಮ ನಿಮ್ಮ ಜಗಳದಾಗ ನನ್ನ ಹಾಲು ಒಡೀತೈತಿ.”

ದಾಕ್ಷಾಯಿಣಿ ಒಳಕ್ಕೆ ಮುಖ ಮಾಡಿ ಕೂಗಿದಳು. “ಶೋಭಾ, ಹಬ್ಬದ ದೊಡ್ಡ ಪಾತೇಲಿ ತಗಿ. ಎರಡೂ ಒಲಿ ಹಚ್ಚು. ನಾಕೂ ಕ್ಯಾನಿನ ಹಾಲು ಕಾಸಬೇಕು.”

ಶೋಭಾ ಗಂಡನನ್ನು ನೋಡಿದಳು, ದಾಕ್ಷಾಯಿಣಿಯನ್ನು ನೋಡಿದಳು, ಪಾತೇಲಿ ತೆಗೆಯಲು ಹೋದಳು. ಕ್ಯಾನುಗಳು ಒಳಗೆ ಹೋದವು. ಚಹಾದ ಅಂಗಡಿಯವನೇ ಪಾನಾ ತಂದು ನಟ್ಟಿಗೆ ಹಚ್ಚಲು ಹೋದ. ದಾಕ್ಷಾಯಿಣಿ ಅವನ ಕೈ ತಡೆದಳು.

“ಬಿಸಿ ಇದ್ದಾಗ ಬಿಚ್ಚಬ್ಯಾಡ. ಹೆಡ್ ಸೊಟ್ಟ ಆಗ್ತೈತಿ. ಆರಲಿ.”

ಅಷ್ಟು ಸಿಟ್ಟಿನಲ್ಲೂ ಅವಳು ಗಾಡಿಯ ಪಕ್ಕದ ಕಟ್ಟೆಯ ಮೇಲೆ ಕೂತು, ಕೈಗೆ ಒಣಗಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತ, ಹೆಡ್ಡು ಆರುವುದನ್ನು ಕಾದಳು. ಮಂದಿಯೂ ಕಾದರು. ಕೆಲವರು ಅವಳಿಗೆ ಮೈಮೇಲೆ ಬಂದಿದೆ ಎಂದರು. ಅವಳಿಗೆ ಕೇಳಿಸಿತು. ಕೇಳಿಸಿದರೂ ಕೂತೇ ಇದ್ದಳು. ಒಳಗಿನಿಂದ ಹಾಲು ಕಾದ ವಾಸನೆ ಬರತೊಡಗಿತು.

ಹೆಡ್ಡಿನ ಮೇಲೆ ಅಂಗೈ ಇಟ್ಟರೆ ತಡೆಯುವಷ್ಟಾದಾಗ ಎದ್ದಳು. ಪ್ಲಗ್ಗು ಬಿಚ್ಚಿಸಿದಳು. ಗಾಡಿಯನ್ನು ತುಸು ವಾಲಿಸಿ ಹಿಡಿಯಲು ಇಬ್ಬರಿಗೆ ಹೇಳಿದಳು. ಪಿಸ್ಟನ್ನನ್ನು ತುದಿಗೆ ತಂದು ಸಿರಿಂಜು ಹಿಡಿದಳು. ತೊಟ್ಟು. ತೊಟ್ಟು. ಒಂದು ಗುಳ್ಳೆ ಎದ್ದಿತು, ಕಾದಳು, ಒಡೆಯಿತು. ಮತ್ತೆ ತೊಟ್ಟು. ಎಣ್ಣೆ ಪ್ಲಗ್ಗಿನ ತೂತಿನ ಬುಡಕ್ಕೆ ಬಂದು ಮಿನುಗಿದಾಗ ಸಿರಿಂಜನ್ನು ಕಾಶಿನಾಥನ ಮುಂದೆ ಹಿಡಿದಳು.

“ನೀನ ಓದು.”

ಕಾಶಿನಾಥ ಓದಿದ. ಅವನ ಮುಖ ಅರಳಿತು. “ಏಳೂವರಿ. ನೋಡ್ರಪಾ ಎಲ್ಲಾರೂ. ಒಂದ ತೊಟ್ಟು ಹೆಚ್ಚಿಲ್ಲ, ಒಂದ ತೊಟ್ಟು ಕಡಿಮಿಲ್ಲ.”

“ಹೌದು,” ಎಂದಳು ದಾಕ್ಷಾಯಿಣಿ. “ನಿನ್ನ ಕೈ ಬೇಷ್ ಐತಿ. ನಿಮ್ಮಣ್ಣನಕಿಂತಾ ಬೇಷ್ ಐತಿ. ನಾ ಯಾವತ್ತೂ ಇಲ್ಲ ಅಂದಿಲ್ಲ.”

ಮಂದಿ ನಕ್ಕರು. ಮುಗಿಯಿತೆಂದು ಒಬ್ಬ ಬೀಡಿ ಹಚ್ಚಿದ. ಮುತ್ತಪ್ಪ ಟೋಪಿಗಾಗಿ ಕೈ ಚಾಚಿದ.

“ತಡಿ. ಅರ್ಧಾ ಅಳತಿ ಆತು. ಹೆಡ್ ಬಿಚ್ಚು.”

ಹೆಡ್ಡು ಎದ್ದಿತು. ಪಿಸ್ಟನ್ನಿನ ಮೇಲೆ ನಿಂತಿದ್ದ ಎಣ್ಣೆಯನ್ನು ಅವಳು ಸೆರಗಿನ ತುದಿಯಿಂದ ಒರೆಸಿದಳು. ಹೊಗೆಯ ಬಾಗಿಲಿನ ಬದಿಗೆ ಪಿಸ್ಟನ್ನಿನ ಅಂಚು ಸವಳು ಹತ್ತಿದ ಗೋಡೆಯಂತೆ ಉದುರಿತ್ತು. ಸಣ್ಣ ಸಣ್ಣ ಕುಳಿ. ಪ್ಲಗ್ಗಿನ ಮೂತಿಗೆ ಬೆಳ್ಳಗಿನ ರವೆಯಂಥ ಚೂರು ಅಂಟಿತ್ತು. ಒಂದು ಸಂಜೆ, ಒಂದು ಬೆಳಗಿನ ಓಟಕ್ಕೆ ಇಷ್ಟು.

ಪಿಸ್ಟನ್ನನ್ನು ಕೆಳಗಿಳಿಸಿ ಕಸಬರಿಗೆ ಕಡ್ಡಿಯನ್ನು ಸಿಲಿಂಡರಿನೊಳಗೆ ಇಟ್ಟಳು. ಬಾಗಿಲಿನ ಮೇಲಂಚು ಸಿಕ್ಕಲ್ಲಿ ಉಗುರು ಒತ್ತಿದಳು. ಕಡ್ಡಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು. ಉಗುರು ಕಂಪನಿ ಗೀರಿನ ಮೇಲೆ ನಿಂತಿತ್ತು.

“ಬಾಗಲಾ ಎತ್ತಿಲ್ಲ. ಇದಕ್ಕ ಒಂಬತ್ತು ಬೇಕಿತ್ತು, ಪಣತಿ ಬೇಕಿತ್ತು. ನೀ ಬಟ್ಟಲಾ ಕೊಟ್ಟಿ. ಅದರಾಗ ನಾಕ ಕ್ಯಾನ್ ಹೇರ್ಕೊಂಡ ಏರ ಹತ್ಯಾನ. ಇನ್ನೆರಡ ದಿನಾ ತಡದಿದ್ರ ಎಂಜಿನ್ ಹಿಡಕೊಂಡ ಬಿಡತಿತ್ತು. ಹಿಂದ ಕಬ್ಬಿನ ಟ್ರ್ಯಾಕ್ಟರ್ ಬರ್ತಿದ್ರ?”

ಕಾಶಿನಾಥ ಕುಳಿಬಿದ್ದ ಪಿಸ್ಟನ್ನಿನಿಂದ ಕಣ್ಣು ತೆಗೆಯಲಿಲ್ಲ. “ಅಂವ ಸಿಲಿಂಡರ್ ತಂದ ತೋರಸಲಿಲ್ಲ,” ಎಂದ.

“ನೀ ಕೇಳಿದ್ದೇನು?”

ಉತ್ತರ ಕೊಟ್ಟವನು ಮುತ್ತಪ್ಪ. “ಎಲಿ ಇತ್ತಲ್ರಿ. ಎಲಿ ಇದ್ದ ಮ್ಯಾಲ ಕೇಳೂದೇನೈತಿ ಅಂದ್ಕೊಂಡೆ.”

ದಾಕ್ಷಾಯಿಣಿ ಒಳಗಿನಿಂದ ಅರ ತಂದಳು. ಹೆಡ್ಡನ್ನು ಮಡಿಲಲ್ಲಿ ಅವಚಿ ಹಿಡಿದು ಎಲೆಯ ಮೇಲೆ ಅರ ಇಟ್ಟಳು.

“ಅವ್ವಾರ, ಪತ್ರಿ ಅಳಸಬ್ಯಾಡ್ರಿ,” ಎಂದು ಮುತ್ತಪ್ಪ ಎರಡೂ ಕೈ ಮುಂದೆ ಮಾಡಿದ. “ಹೆಡ್ ಬೇಕಾರ ತಗೋರಿ. ಪತ್ರಿ ಅಳಸಿದ್ರ ಪಾಪ ಬರ್ತೈತಿ.”

“ಬರಲಿ. ನನಗ ಬರಲಿ.”

ಉಜ್ಜಿದಳು. ಎದುರು ಮನೆಯ ಮುದುಕಿ ಶಿವಶಿವಾ ಎಂದು ಒಳಗೆ ಹೋದಳು. ದಳ ಒಂದೊಂದಾಗಿ ಹೋಯಿತು, ಲೋಹದ ಪುಡಿ ಸೀರೆಯ ಮೇಲೆ ಬಿತ್ತು. ರಾಚಪ್ಪ ತನ್ನ ಕೈಯಾರೆ ಕೊರೆದ ಮುದ್ರೆ ಅದು. ಅದನ್ನು ಅಳಿಸುವಾಗ ಅವಳು ಹಲ್ಲು ಕಚ್ಚಿದ್ದಳು.

ಮಾರನೆಯ ದಿನ ಕಾಶಿನಾಥ ಒಂಬತ್ತರ ಪಣತಿ ಕೊರೆದುಕೊಟ್ಟ. ಹೊಸ ಪಿಸ್ಟನ್ನೂ ಹಾಕಿದ. ಅಳತೆಯಾದ ಮೇಲೆ ದಾಕ್ಷಾಯಿಣಿಯೇ ಎಲೆ ಹೊಡೆದಳು. ಆ ದಿನದಿಂದ ಉಳಿ ಮತ್ತೆ ಅವಳ ಗೂಡಿಗೆ ಬಂತು. ಕೊಡು ಎಂದು ಅವಳು ಕೇಳಿದ್ದಿಲ್ಲ, ತಗೋರಿ ಎಂದು ಅವನು ಹೇಳಿದ್ದಿಲ್ಲ. ಮುಂದಿನ ಸೋಮವಾರ ಮೇನ್ ಸ್ವಿಚ್ಚನ್ನು ಕಾಶಿನಾಥನೇ ಇಳಿಸಿದ. ಯಾರೋ ಕೇಳಿದ್ದಕ್ಕೆ, “ದೇವ್ರ ವಾರ, ನಮ್ಮ ವೈನೀಗಿ ನಡ್ಯೂದಿಲ್ಲ,” ಎಂದ. ಗೋಡೆಯ ಈಚೆ ದಾಕ್ಷಾಯಿಣಿಗೆ ಮತ್ತೆ ರೊಟ್ಟಿ ಹರಿಯಿತು.

ಆದರೆ ಎರಡು ವರ್ಷದಲ್ಲಿ ಹೊರಗೆ ಹೋದ ಎಲೆಗಳು? ಅವನ್ನು ನೆನೆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಶೋಭಾಳಿಗೆ ಮೊಬೈಲು ಹಿಡಿಯಲು ಹೇಳಿ, ಎದುರು ನೆಟ್ಟಗೆ ನಿಂತು ಹೇಳಿದಳು. “ಎಲಿ ಇರೂ ಹೆಡ್ ಯಾರ್ಯಾರ ತಗೊಂಡೀರಿ, ಸೋಮವಾರ ಸಿಲಿಂಡರ್ ಸಹಿತ ತರ್ರಿ. ಅಳದ ಕೊಡ್ತೇನಿ. ಜೋಡಿ ಸರಿ ಇಲ್ಲಂದ್ರ ಎಲಿ ಅಳಸ್ತೇನಿ.”

ಆ ಕೊನೆಯ ಮಾತಿಗೆ ಎಲ್ಲ ಕೆಟ್ಟಿತು. ಗಾಡಿ ಕೆಟ್ಟರೆ ಕೆಡಲಿ, ಎಲೆ ಹೋಗಬಾರದು ಎಂದವರೇ ಬಹಳ. ಆ ಸೋಮವಾರ ಬಂದವರು ಇಬ್ಬರೇ. ಒಬ್ಬ ದುಂಡೇಶ.

“ನಿಮ್ಮವ್ವ ಬಂದಿಲ್ಲೇನು?” ಎಂದಳು.

“ಅಕೀನ ಕಳಿಸ್ಯಾಳ ಅತ್ತಿ.”

ಅವನ ಬಾಗಿಲು ಎತ್ತಿಸಿದ್ದು, ಬಟ್ಟಲು ಏಳೂವರೆ, ಜೋಡಿ ಸರಿಯಿತ್ತು. ಎಲೆ ಉಳಿಯಿತು. ಉಳಿದವರು ಮೊಬೈಲಿನಲ್ಲಿ ನಗುವ ಮುಖ ಒತ್ತಿ ಸುಮ್ಮನಾದರು.

ಅವರು ಬರದಿದ್ದರೆ ಬೇಡ ಎಂದು ದಾಕ್ಷಾಯಿಣಿ ಈಗ ಖುದ್ದು ಹೋಗುತ್ತಾಳೆ. ಸೋಮವಾರ ಮಷಿನ್ ನಿಂತ ಮೇಲೆ ಒಂದು ಕೈಚೀಲದಲ್ಲಿ ಸಿರಿಂಜು, ಕಡ್ಡಿ, ಅರ ಹಾಕಿಕೊಂಡು ರಸ್ತೆಯ ಏರಿನಲ್ಲಿ ನಿಲ್ಲುತ್ತಾಳೆ. ಏರಿನಲ್ಲಿ ಎಂಜಿನ್ನು ಸುಳ್ಳು ಹೇಳುವುದಿಲ್ಲ. ಒಮ್ಮೆ ಗೋಕಾಕ, ಒಮ್ಮೆ ಮೂಡಲಗಿ. ತವರಿಗೆ ಹೋದಾಗ ಹುಕ್ಕೇರಿ. ಲಾರಿ, ಬಸ್ಸು, ಟ್ರ್ಯಾಕ್ಟರು ಎಲ್ಲ ಬಿಟ್ಟು ಹೊಗೆಯ ಗಾಡಿಯೊಂದಕ್ಕೇ ಕಿವಿ ಕೊಡುತ್ತಾಳೆ. ಡಬ್ಬಿಯಲ್ಲಿ ಕಡಲೆ ಅಲ್ಲಾಡಿದ ಸದ್ದು ಕೇಳಿದರೆ ಎರಡೂ ಕೈ ಚಾಚಿ ರಸ್ತೆಗೇ ಇಳಿಯುತ್ತಾಳೆ. ಬಹಳ ಮಂದಿ ಅವಳನ್ನು ದೂರದಿಂದ ಕಂಡೇ ಗಾಡಿ ಹೊರಳಿಸುತ್ತಾರೆ. “ಎಲಿ ಅಳಸೂ ಮುದುಕಿ ನಿಂತಾಳ, ಆ ಕಡೆ ಹೋಗಬ್ಯಾಡ್ರೋ,” ಎಂದು ಒಬ್ಬರಿಗೊಬ್ಬರು ಫೋನು ಹಚ್ಚುತ್ತಾರೆ. ಓಡಿಹೋದವರ ಬೆನ್ನಿಗೆ ಅವಳು ಬೈಯುವ ಬೈಗುಳ ಮೊದಲು ಅವರನ್ನು, ಆಮೇಲೆ ಕಾಶಿನಾಥನನ್ನು, ಕೊನೆಗೆ ಇಷ್ಟು ಚಂದದ ಎಲೆ ಕೊರೆದ ರಾಚಪ್ಪನನ್ನೂ ಮುಟ್ಟುತ್ತದೆ.

ಮೊನ್ನೆ ಒಬ್ಬ ತರುಣ ಹೊರಳಿಸಲು ಜಾಗ ಸಿಗದೆ ಅವಳ ಮುಂದೆಯೇ ಬ್ರೇಕು ಹಾಕಿದ. ಹಿಂದೆ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಕೂಸು.

“ಅಜ್ಜಿ, ಎಲಿ ಅಳಸೂದಿಲ್ಲ ಅಂದ್ರಷ್ಟ ಬಂದ ಮಾಡ್ತೇನಿ.”

“ಮೊದಲ ಬಂದ ಮಾಡು.”

“ಎಲಿ ಮುಟ್ಟೂದಿಲ್ಲ ಅಂತ ಹೇಳ್ರಿ.”

ದಾಕ್ಷಾಯಿಣಿ ಅವನನ್ನು ಬಿಟ್ಟು ಹಿಂದೆ ಕೂತಿದ್ದವಳಿಗೆ, “ಇಳಿಯವ್ವಾ, ಕೂಸಿನ್ನ ನೆರಳಿಗೆ ಒಯ್ಯಿ. ಕಬ್ಬಿಣ ಆರಾಕ ತಡಾ ಐತಿ,” ಎಂದಳು. ಆ ಹೆಂಗಸು ಅವಳ ಮುಖ ನೋಡಿ, ಗಂಡನನ್ನು ಕೇಳದೆ ಇಳಿದಳು. ತರುಣ ಅತ್ತ ತಿರುಗಿ ಹೆಂಡತಿಯನ್ನು ಕರೆಯುವಷ್ಟರಲ್ಲಿ ಎಂಜಿನ್ನು ನಿಂತಿತು. ಪ್ಲಗ್ಗಿನ ಟೋಪಿ ದಾಕ್ಷಾಯಿಣಿಯ ಸೊಂಟದಲ್ಲಿತ್ತು.